ಅಯ್ಯನವರೂ ಅಮ್ಮನವರೇ ಆಗಿರುವ ಸಭೆಗೆ ನಾನು ಹೋಗಬಹುದಾ?

ಪ್ರಶ್ನೆ: ಮೇಡಂ, ನನಗೆ 66 ವರ್ಷ. ಮೈಸೂರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಹುಟ್ಟಿ ಬೆಳೆದವಳು. ಅಜ್ಜನ ಕಾಲದಿಂದಲೂ ನಾವು ವೆಸ್ಲಿಯನ್ ಮಿಷನ್ನಿನವರು. ಮಗ, ಸೊಸೆ ಕೆನಡಾದ ಒಂಟಾರಿಯೊದಲ್ಲಿದ್ದಾರೆ. ಎರಡು ವರ್ಷದಿಂದ ಅಲ್ಲಿನ ಯುನೈಟೆಡ್ ಚರ್ಚ್‌ಗೆ ಹೋಗುತ್ತಿದ್ದಾರೆ. ಫೋಟೊ ಕಳಿಸಿದ್ದರು. ಬಾಗಿಲಲ್ಲೇ ಕಾಮನಬಿಲ್ಲಿನ ಬಾವುಟ ಕಟ್ಟಿದ್ದಾರೆ. ಸಭಾಪಾಲಕರು, ಅಂದರೆ ಅಯ್ಯನವರು, ಹೆಂಗಸು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆಕೆ ಮದುವೆಯಾಗಿರುವುದು ಇನ್ನೊಬ್ಬ ಹೆಂಗಸನ್ನು. ನಾವು ಹೇಳುವ ವಿಶ್ವಾಸಪ್ರಮಾಣ ಅಲ್ಲಿ ಹೇಳುವುದಿಲ್ಲವಂತೆ. ಪಾಪ, ನರಕದ ಮಾತೇ ಇಲ್ಲವಂತೆ. ಪುಟ್ಟ ಮಕ್ಕಳಿಗೂ ಕರ್ತನ ಭೋಜನದ ರೊಟ್ಟಿ, ರಸ ಕೊಡುತ್ತಾರಂತೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, 'ಆ ಚರ್ಚಿನಲ್ಲಿ ದೇವರನ್ನೇ ನಂಬದ ಪಾಸ್ಟರ್ ಇದ್ದಾರೆ' ಎಂದು ಬೇರೆ ಹಾಕಿದರು. ಜೂನ್‌ನಲ್ಲಿ ನನ್ನ ಮೊಮ್ಮಗಳಿಗೆ ಅಲ್ಲೇ ದೀಕ್ಷಾಸ್ನಾನ. ನಾನೂ ಹೊರಟಿದ್ದೇನೆ, ಆರು ತಿಂಗಳು ಇರುತ್ತೇನೆ. ಇದು ನಿಜವಾದ ಸಭೆಯೇ? ಅಲ್ಲಿ ಆದ ದೀಕ್ಷಾಸ್ನಾನ ಇಲ್ಲಿ ನಡೆಯುತ್ತದೆಯೇ? ನಾನು ಅಲ್ಲಿ ಭೋಜನದಲ್ಲಿ ಪಾಲು ತೆಗೆದುಕೊಳ್ಳಬಹುದಾ? ಮಗನಿಗೆ ಏನು ಹೇಳಲಿ?
— ಹೆಸರು ಬೇಡ, ಮೈಸೂರು

ಉತ್ತರ: ಅಕ್ಕಾ, ಮೊದಲು ಮೊಮ್ಮಗಳ ದೀಕ್ಷಾಸ್ನಾನದ ವಿಷಯ ಮುಗಿಸಿಬಿಡೋಣ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಂತ ಕಾಗದ ಓದಿದರೆ ಗೊತ್ತಾಗುತ್ತದೆ. ನಡೆಯುತ್ತದೆ. ಧಾರಾಳವಾಗಿ ನಡೆಯುತ್ತದೆ. ಯುನೈಟೆಡ್ ಚರ್ಚ್‌ನಲ್ಲಿ ನೀರಿನಿಂದ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲೇ ದೀಕ್ಷಾಸ್ನಾನ ಕೊಡುತ್ತಾರೆ. 1975ರಲ್ಲಿ ಕೆನಡಾದ ಐದು ಸಭೆಗಳು, ಅಂದರೆ ರೋಮನ್ ಕ್ಯಾಥೊಲಿಕ್, ಆಂಗ್ಲಿಕನ್, ಲೂಥರನ್, ಪ್ರೆಸ್ಬಿಟೇರಿಯನ್ ಮತ್ತು ಯುನೈಟೆಡ್, ಒಬ್ಬರು ಕೊಟ್ಟ ದೀಕ್ಷಾಸ್ನಾನವನ್ನು ಇನ್ನೊಬ್ಬರು ಒಪ್ಪುತ್ತೇವೆ ಎಂದು ಮಾತು ಕೊಟ್ಟುಕೊಂಡವು. ಕ್ಯಾಥೊಲಿಕರೇ ಒಪ್ಪಿದ ಮೇಲೆ ನಮಗೇನು ಕಷ್ಟ? ನಮ್ಮ ಸಿ.ಎಸ್.ಐ.ಯಲ್ಲೂ ತ್ರಯೇಕ ದೇವರ ಹೆಸರಿನಲ್ಲಿ ಒಮ್ಮೆ ಆದ ದೀಕ್ಷಾಸ್ನಾನವನ್ನು ಮತ್ತೆ ಮಾಡಿಸುವ ಪದ್ಧತಿಯಿಲ್ಲ.

ಪ್ರಮಾಣಪತ್ರದ ಒಂದು ಪ್ರತಿ ಮಾತ್ರ ಮರೆಯದೆ ತನ್ನಿ. ನಾಳೆ ಆ ಹುಡುಗಿ ಮೈಸೂರಿನಲ್ಲೇ ಮದುವೆಯಾಗುತ್ತೇನೆ ಅಂದರೆ ನಮ್ಮ ಸಭೆಯ ಆಫೀಸಿನವರು ಕೇಳುವುದು ಆ ಕಾಗದವನ್ನು. ಅದಕ್ಕೆ ಸಹಿ ಹಾಕಿದ ಅಯ್ಯನವರು ಯಾರನ್ನು ಮದುವೆಯಾಗಿದ್ದರು ಅಂತ ಯಾರೂ ಕೇಳುವುದಿಲ್ಲ.

ಈಗ ದೊಡ್ಡ ಪ್ರಶ್ನೆ. ಇದು ನಿಜವಾದ ಸಭೆಯೇ?

ನಾನು ಸಭಾಚರಿತ್ರೆ ಪಾಠ ಹೇಳಿ ನಿವೃತ್ತಳಾದವಳು. ಮಧ್ಯೆ ಆರು ವರ್ಷ ಒಂಟಾರಿಯೊದ ಒಂದು ಸಣ್ಣ ಊರಿನಲ್ಲಿದ್ದೆ. ಅಲ್ಲಿನ ಯುನೈಟೆಡ್ ಚರ್ಚ್‌ನ ಸದಸ್ಯೆಯಾಗಿದ್ದೆ. ಮೊದಲ ಭಾನುವಾರ ನನಗೂ ಹೊಟ್ಟೆಯಲ್ಲಿ ತಳಮಳ ಆಗಿತ್ತು. ಬಾವುಟ ನೋಡಿ ಅಲ್ಲ. ಎಂಟು ವರ್ಷದ ಹುಡುಗನೊಬ್ಬ ಪಾಸ್ಟರನ್ನು ಹೆಸರು ಹಿಡಿದು ಕೂಗಿದ, ಅವರು 'ಏನಪ್ಪಾ' ಅನ್ನುವ ಹಾಗೆ ಓಡಿ ಬಂದರು! ನಮ್ಮ ಕಡೆ ಅಯ್ಯನವರ ಮನೆ ಗೇಟು ತೆಗೆಯುವಾಗಲೂ ಸೆರಗು ಸರಿ ಮಾಡಿಕೊಳ್ಳುತ್ತಿದ್ದ ನನಗೆ ಅದು ಅರಗಿಸಿಕೊಳ್ಳಲು ಒಂದು ತಿಂಗಳು ಬೇಕಾಯಿತು.

ನೀವು ವೆಸ್ಲಿಯನ್ ಮಿಷನ್ನಿನವರು, ಅಂದರೆ ಮೆಥಡಿಸ್ಟರು, ಎಂದು ಬರೆದಿದ್ದೀರಿ. ಹಾಗಾದರೆ ಆ ಸಭೆ ನಿಮಗೆ ದೂರದ ನೆಂಟರೇ. 1925ರ ಜೂನ್ 10ರಂದು ಟೊರಾಂಟೊದಲ್ಲಿ ಐಸ್ ಹಾಕಿ ಆಡುವ ಒಂದು ದೊಡ್ಡ ಅಂಗಣದಲ್ಲಿ ಸಾವಿರಾರು ಜನ ಸೇರಿ ಅದನ್ನು ಹುಟ್ಟಿಸಿದರು. ಮೆಥಡಿಸ್ಟರು, ಕಾಂಗ್ರಿಗೇಷನಲ್ ಸಭೆಯವರು, ಪ್ರೆಸ್ಬಿಟೇರಿಯನ್ನರಲ್ಲಿ ಮೂರರಲ್ಲಿ ಎರಡು ಪಾಲು ಒಂದಾದರು. ಉಳಿದ ಒಂದು ಪಾಲು ಪ್ರೆಸ್ಬಿಟೇರಿಯನ್ನರು ಬರುವುದಿಲ್ಲ ಅಂತ ಹೊರಗುಳಿದರು. ಒಂದಾಗಲು ಕಾರಣ ತುಂಬ ಸರಳ. ಪಶ್ಚಿಮದ ಗೋಧಿ ಬಯಲಿನಲ್ಲಿ ನಲವತ್ತು ಮನೆಯ ಊರಿಗೆ ಮೂರು ಚರ್ಚು, ಮೂವರು ಪಾಸ್ಟರು, ಮೂರು ಒಲೆಗೆ ಸೌದೆ. ಮೇಲಿನವರು ಮಾತುಕತೆ ಮುಗಿಸುವ ಮೊದಲೇ ಎಷ್ಟೋ ಊರುಗಳಲ್ಲಿ ಜನ ತಾವಾಗಿಯೇ ಸೇರಿ ಆರಾಧನೆ ಮಾಡುತ್ತಿದ್ದರು.

22 ವರ್ಷ ಆದ ಮೇಲೆ, ಸ್ವಾತಂತ್ರ್ಯ ಬಂದು ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ನಮ್ಮ ಸಿ.ಎಸ್.ಐ. ಹುಟ್ಟಿತು. ಇಲ್ಲಿ ಮೆಥಡಿಸ್ಟರು, ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ನರ ಜೊತೆಗೆ ಆಂಗ್ಲಿಕನ್ನರೂ ಸೇರಿದರು, ಅದಕ್ಕೇ ನಮಗೆ ಬಿಷಪ್ಪರು ಇದ್ದಾರೆ. ಅಲ್ಲಿ ಇಲ್ಲ. ನಿಮ್ಮ ಸಭೆಯ ನೋಟಿಸು ಬೋರ್ಡಿನ ಮೇಲಿರುವ ಲಾಂಛನ ನೋಡಿ. ತಾವರೆ, ಶಿಲುಬೆ, ಸುತ್ತ 'ಎಲ್ಲರೂ ಒಂದಾಗಿರಬೇಕು' ಎನ್ನುವ ಅರ್ಥದ ವಚನ. ಯೋಹಾನ 17:21. ಜೂನ್‌ನಲ್ಲಿ ನಿಮ್ಮ ಮಗನ ಚರ್ಚಿನ ಲಾಂಛನ ನೋಡಿ. ಲ್ಯಾಟಿನ್‌ನಲ್ಲಿದೆ, ಅದೇ ವಚನ. 2012ರಿಂದ ಅದರ ಜೊತೆಗೆ ಮೊಹಾಕ್ ಎಂಬ ಮೂಲನಿವಾಸಿ ಭಾಷೆಯ ಒಂದು ಸಾಲೂ ಸೇರಿದೆ, 'ಎಲ್ಲರೂ ನನ್ನ ಬಂಧುಗಳು' ಅಂತ. ಆ ಸಾಲು ಹೇಗೆ ಬಂತು ಅನ್ನುವ ಕತೆಗೆ ಆಮೇಲೆ ಬರುತ್ತೇನೆ, ಯಾಕೆಂದರೆ ನೀವು ಕೇಳಿದ ಪಾಪದ ಪ್ರಶ್ನೆಗೆ ಉತ್ತರ ಅಲ್ಲಿದೆ.

ಹೆಂಗಸು ಸಭಾಪಾಲಕಿಯಾದರೆ ತಕರಾರಿಲ್ಲ ಅಂದಿರಿ. ಸಂತೋಷ. ಆ ಸಭೆಯವರು ಲಿಡಿಯಾ ಗ್ರೂಚಿ ಎಂಬಾಕೆಗೆ ಅಭಿಷೇಕ ಮಾಡಿದ್ದು 1936ರಲ್ಲಿ. ಆಗಲೂ ಸತ್ಯವೇದ ತೆಗೆದು 'ಹೆಂಗಸರು ಸಭೆಯಲ್ಲಿ ಮೌನವಾಗಿರಲಿ ಅಂತ ಪೌಲನೇ ಬರೆದಿದ್ದಾನಲ್ಲ' ಎಂದವರಿದ್ದರು. ನಮ್ಮ ಸಿ.ಎಸ್.ಐ.ಗೆ ಮೊದಲ ಮಹಿಳಾ ಬಿಷಪ್ ಬಂದದ್ದು 2013ರಲ್ಲಿ, ನಂದ್ಯಾಲದ ಪುಷ್ಪಾ ಲಲಿತಾ ಅವರು. ನೀವು ಹುಡುಗಿಯಾಗಿದ್ದಾಗ ಇದನ್ನೆಲ್ಲ ಯಾರಾದರೂ ಹೇಳಿದ್ದರೆ ನಂಬುತ್ತಿದ್ದಿರಾ? ಇವತ್ತು ಸಹಜ ಅನ್ನಿಸುವುದು ಒಂದು ಕಾಲಕ್ಕೆ ಜಗಳವೇ ಆಗಿತ್ತು.

ಇನ್ನು ಬಾವುಟ. ಸಲಿಂಗಿಗಳಿಗೂ ಇಲ್ಲಿ ಜಾಗವಿದೆ ಅನ್ನುವ ಗುರುತು ಅದು. ಯುನೈಟೆಡ್ ಚರ್ಚ್‌ನ ಎಲ್ಲ ಸಭೆಗಳ ಬಾಗಿಲಲ್ಲೂ ಅದು ಇರುವುದಿಲ್ಲ. 1988ರಲ್ಲಿ ಬ್ರಿಟಿಷ್ ಕೊಲಂಬಿಯಾದ ವಿಕ್ಟೋರಿಯಾದಲ್ಲಿ ಸೇರಿದ ಮಹಾಸಭೆ ಒಂದು ತೀರ್ಮಾನ ಮಾಡಿತು: ಯೇಸುವಿನಲ್ಲಿ ನಂಬಿಕೆಯಿದೆ ಎಂದು ಹೇಳುವ ಯಾರೇ ಆಗಲಿ, ಅವರ ಒಲವು ಗಂಡಿನ ಕಡೆಗಿರಲಿ ಹೆಣ್ಣಿನ ಕಡೆಗಿರಲಿ, ಪೂರ್ಣ ಸದಸ್ಯರಾಗಬಹುದು, ಸದಸ್ಯರೆಲ್ಲರೂ ಸಭಾಪಾಲನೆಗೆ ಅರ್ಹರು. ಇದಕ್ಕೆ ಬೆಲೆ ತೆತ್ತರು. ಕುಟುಂಬ ಕುಟುಂಬಗಳೇ ಬಿಟ್ಟು ಹೋದವು, ಕೆಲವು ಕಡೆ ಇಡೀ ಸಭೆಗಳೇ ಹೋದವು. ಆಮೇಲೆ 1992ರಿಂದ ಒಂದೊಂದು ಸಭೆಯೂ ತಾನಾಗಿ ಓದಿ, ಚರ್ಚಿಸಿ, ಮತ ಹಾಕಿ, 'ನಮ್ಮಲ್ಲಿ ಎಲ್ಲರಿಗೂ ಜಾಗವಿದೆ' ಎಂದು ಬಹಿರಂಗವಾಗಿ ಹೇಳಿಕೊಳ್ಳುವ ಕ್ರಮ ಶುರುವಾಯಿತು. ಹಾಗೆ ಮಾಡಿದವರನ್ನು ಅಫರ್ಮಿಂಗ್ ಸಭೆ ಅನ್ನುತ್ತಾರೆ. ಮದುವೆ ಯಾರಿಗೆ ಮಾಡಿಸಬೇಕು ಅನ್ನುವುದನ್ನೂ ಆಯಾ ಸಭೆಯ ಮಂಡಳಿಯೇ ತೀರ್ಮಾನಿಸುತ್ತದೆ. ಮೇಲಿನಿಂದ ಹುಕುಂ ಬರುವುದಿಲ್ಲ. ನಿಮ್ಮ ಮಗನ ಚರ್ಚು ಬಾವುಟ ಕಟ್ಟಿದೆ ಅಂದರೆ ಅಲ್ಲಿನವರು ಇದನ್ನೆಲ್ಲ ಕೂತು ಮಾತಾಡಿರುವ ಸಾಧ್ಯತೆ ಜಾಸ್ತಿ.

ನಾನಿದ್ದ ಸಭೆಯಲ್ಲಿ ಆ ಮಾತುಕತೆಗೆ ಒಂದೂವರೆ ವರ್ಷ ಹಿಡಿಯಿತು. ಬುಧವಾರ ಸಂಜೆ ಸತ್ಯವೇದ ಅಧ್ಯಯನ, ಹೊರಗೆ ಮೊಣಕಾಲುದ್ದ ಹಿಮ. ನಾನು ಹೋಗುತ್ತಿದ್ದುದು ಸುಮ್ನೆ ಕುತೂಹಲಕ್ಕೆ. ಒಂದು ಸಂಜೆ ಧರ್ಮೋಪದೇಶಕಾಂಡದ 23ನೇ ಅಧ್ಯಾಯ ತೆಗೆದರು. ಬೀಜ ಒಡೆದವರು ಕರ್ತನ ಸಭೆಗೆ ಬರಕೂಡದು ಅನ್ನುತ್ತದೆ ಅದು. ಖಡಕ್ ಮಾತು. ಆಮೇಲೆ ಯೆಶಾಯನ 56ನೇ ಅಧ್ಯಾಯ. ಅಲ್ಲಿ ದೇವರೇ ನಪುಂಸಕರಿಗೆ, 'ನನ್ನ ಆಲಯದಲ್ಲಿ ನಿಮಗೆ ಗಂಡು ಹೆಣ್ಣು ಮಕ್ಕಳಿಗಿಂತ ದೊಡ್ಡ ಹೆಸರು ಕೊಡುತ್ತೇನೆ' ಎನ್ನುವ ಅರ್ಥದ ಮಾತು ಹೇಳುತ್ತಾನೆ. ಆಮೇಲೆ ಅಪೊಸ್ತಲರ ಕೃತ್ಯಗಳು, 8ನೇ ಅಧ್ಯಾಯ. ಇಥಿಯೋಪ್ಯದ ಕಂಚುಕಿ, ಅಂದರೆ ಅರಮನೆಯ ನಪುಂಸಕ ಅಧಿಕಾರಿ, ರಥದಲ್ಲಿ ಕೂತು ಓದುತ್ತಿರುವುದು ಯಾವ ಪುಸ್ತಕ? ಅದೇ ಯೆಶಾಯನದು! ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಹತ್ತಿ ಕೂತು ಅರ್ಥ ಹೇಳುತ್ತಾನೆ. ದಾರಿಯಲ್ಲಿ ನೀರು ಕಾಣುತ್ತದೆ. ನನಗೆ ದೀಕ್ಷಾಸ್ನಾನ ಆಗಲು ಅಡ್ಡಿಯೇನು ಅಂತ ಅವನು ಕೇಳುತ್ತಾನೆ. ಫಿಲಿಪ್ಪ ಧರ್ಮೋಪದೇಶಕಾಂಡ ತೆಗೆದು ತೋರಿಸಬಹುದಿತ್ತು. ತೋರಿಸಲಿಲ್ಲ. ಇಬ್ಬರೂ ನೀರಿಗಿಳಿದರು.

ಈ ಮೂರು ಭಾಗಗಳನ್ನೂ ನಾನು ಬೇರೆ ಬೇರೆಯಾಗಿ ಎಷ್ಟೋ ಸಲ ಓದಿದ್ದೆ, ಪಾಠವನ್ನೂ ಮಾಡಿದ್ದೆ. ಒಂದರ ಪಕ್ಕ ಒಂದು ಇಟ್ಟು ಓದಿರಲಿಲ್ಲ. ಅವತ್ತು ಯಾರೂ ಜಾಸ್ತಿ ಮಾತಾಡಲಿಲ್ಲ. ಕೊನೆಗೆ, ಎಂಬತ್ತು ದಾಟಿದ ಒಬ್ಬ ಹಳೆಯ ರೈತ, ಹಸು ಕಟ್ಟಿ ಹಾಲು ಮಾರಿ ಬದುಕಿದವರು, ತಮ್ಮ ಅಣ್ಣನ ಬಗ್ಗೆ ಹೇಳಿದರು. ಇಪ್ಪತ್ತೆರಡನೇ ವಯಸ್ಸಿಗೆ ಊರು ಬಿಟ್ಟವನು ಅಪ್ಪನ ಮಣ್ಣಿಗೂ ಬರಲಿಲ್ಲವಂತೆ. ಯಾಕೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. 'ಅವನು ಚರ್ಚಿನಲ್ಲಿ ಚೆನ್ನಾಗಿ ಹಾಡುತ್ತಿದ್ದ' ಅಂದರು, ಅಷ್ಟೇ. ಮತ ಹಾಕುವ ದಿನ ಅವರು ಕೈ ಎತ್ತಿದ್ದು ನೋಡಿದೆ.

ಹಾಗಂತ ಇದರಲ್ಲಿ ಎಲ್ಲ ಕ್ರೈಸ್ತರೂ ಒಂದೇ ಮನಸ್ಸಿನವರು ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯ ಇಟ್ಟುಕೊಂಡು ಒಪ್ಪದವರು ಪ್ರಪಂಚದಲ್ಲಿ ಜಾಸ್ತಿ. ನಮ್ಮ ಸಿ.ಎಸ್.ಐ. ಅಂಥ ಮದುವೆ ಮಾಡಿಸುವುದಿಲ್ಲ. ಒಪ್ಪದವರೆಲ್ಲ ಕಲ್ಲುಹೃದಯದವರು ಅಂತಲೂ ನನಗನ್ನಿಸುವುದಿಲ್ಲ. ಆದರೆ 'ಅಲ್ಲಿ ಸತ್ಯವೇದವನ್ನು ಮೂಲೆಗಿಟ್ಟು ಕಾಲಕ್ಕೆ ತಕ್ಕಂತೆ ಕುಣಿದರು' ಎನ್ನುವ ಮಾತು ಮಾತ್ರ ನಾನು ಕಣ್ಣಾರೆ ಕಂಡದ್ದಕ್ಕೆ ಹೊಂದುವುದಿಲ್ಲ. ಅವರು ಓದಿದರು. ಓದಿ ಬೇರೆ ಕಡೆ ತಲುಪಿದರು.

ಆಕೆಯನ್ನು ಹೇಗೆ ಕರೆಯುವುದು ಅನ್ನುವ ಚಿಂತೆ ನಿಮಗಿರಬಹುದು, ಕಾಗದದಲ್ಲಿ ಬರೆದಿಲ್ಲ ಅಷ್ಟೆ. ನಮ್ಮಲ್ಲಿ ಸಭಾಪಾಲಕರು ಅಯ್ಯನವರು, ಅವರ ಹೆಂಡತಿ ಅಮ್ಮನವರು. ಅಲ್ಲಿ ಅಯ್ಯನವರೂ ಅಮ್ಮನವರೇ, ಅಮ್ಮನವರೂ ಅಮ್ಮನವರೇ. ನಗಬೇಡಿ, ನಾನಿದ್ದ ಸಭೆಯಲ್ಲಿ ಅಂಥ ಇಬ್ಬರಿಗೂ ನಾನು ಹಾಗೇ ಅನ್ನುತ್ತಿದ್ದೆ, ಅವರಿಗೆ ಅರ್ಥ ಹೇಳಿದ ಮೇಲೆ ತುಂಬ ಇಷ್ಟಪಟ್ಟರು. ಅಲ್ಲಿ ಎದೆಯ ಮೇಲೆ ಹೆಸರಿನ ಚೀಟಿ ಅಂಟಿಸಿಕೊಳ್ಳುತ್ತಾರೆ. ಹೆಸರಿನ ಕೆಳಗೆ ತಮ್ಮನ್ನು 'ಅವನು' ಅನ್ನಬೇಕೋ 'ಅವಳು' ಅನ್ನಬೇಕೋ ಅಂತ ಕೆಲವರು ಬರೆದಿರುತ್ತಾರೆ. ಇಂಗ್ಲಿಷಿನವರಿಗೆ ಇದು ದೊಡ್ಡ ತಲೆನೋವು. ನಮಗೇನು? ಕನ್ನಡದ 'ಅವರು' ಗಂಡಿಗೂ ಆಗುತ್ತದೆ, ಹೆಣ್ಣಿಗೂ ಆಗುತ್ತದೆ, ಜೊತೆಗೆ ಮರ್ಯಾದೆಯೂ ಸಿಗುತ್ತದೆ.

ಈಗ ಪಾಪದ ಮಾತು.

ಆರಾಧನೆ ಶುರುವಾಗುವ ಮೊದಲು ಒಬ್ಬರು ಎದ್ದು ನಿಂತು, ಈ ಚರ್ಚು ನಿಂತಿರುವ ನೆಲ ಯಾವ ಮೂಲನಿವಾಸಿಗಳದು ಅಂತ ಹೆಸರು ಹೇಳುತ್ತಾರೆ. ಮೊದಲ ಸಲ ಕೇಳಿದಾಗ ಇದೇನು ತಹಸೀಲ್ದಾರ್ ಕಚೇರಿಯ ಪಹಣಿ ಓದಿದ ಹಾಗೆ ಅಂದುಕೊಂಡೆ. ಕಾರಣ ತಿಳಿದ ಮೇಲೆ ನಾಚಿಕೆಯಾಯಿತು. ಕೆನಡಾದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರದ ದುಡ್ಡಿನಲ್ಲಿ ಚರ್ಚುಗಳು ವಸತಿ ಶಾಲೆ ನಡೆಸಿದವು. ಮೂಲನಿವಾಸಿ ಮಕ್ಕಳನ್ನು ಅಪ್ಪ ಅಮ್ಮನಿಂದ ಕಿತ್ತು ತಂದು ಅಲ್ಲಿ ಸೇರಿಸಿದರು. ಕೂದಲು ಕತ್ತರಿಸಿದರು. ತಾಯಿನುಡಿ ಆಡಿದರೆ ಹೊಡೆದರು. ಎಷ್ಟೋ ಮಕ್ಕಳು ಅಲ್ಲೇ ಸತ್ತವು. ಅಂಥ ಶಾಲೆಗಳನ್ನು ನಡೆಸಿದವರಲ್ಲಿ ಮೆಥಡಿಸ್ಟರೂ ಇದ್ದರು, ಪ್ರೆಸ್ಬಿಟೇರಿಯನ್ನರೂ ಇದ್ದರು, ಆಮೇಲೆ ಯುನೈಟೆಡ್ ಚರ್ಚೂ ಇತ್ತು. ಪ್ರಾರ್ಥನೆ ಮಾಡಿಯೇ ಇದನ್ನೆಲ್ಲ ಮಾಡಿದರು, ಒಳ್ಳೆಯದು ಮಾಡುತ್ತಿದ್ದೇವೆ ಎಂದೇ ನಂಬಿ ಮಾಡಿದರು. ಇದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

1985ರಲ್ಲಿ ಆಲ್ಬರ್ಟಾ ಬಿಲ್ಲಿ ಎಂಬ ಮೂಲನಿವಾಸಿ ಹೆಣ್ಣುಮಗಳು ಸಭೆಯ ಆಡಳಿತ ಸಮಿತಿಯ ಎದುರಿಗೇ, ನೀವು ನಮ್ಮಲ್ಲಿ ಕ್ಷಮೆ ಕೇಳುವ ಹೊತ್ತು ಬಂದಿದೆ ಅಂದರು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಸಡ್ಬರಿ ಎಂಬ ಊರಿನಲ್ಲಿ ಮಹಾಸಭೆ ಸೇರಿತು. ಆಗ ಸಭೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಸ್ಮಿತ್, ಹೊರಗೆ ಕಾಯುತ್ತಿದ್ದ ಮೂಲನಿವಾಸಿ ಹಿರಿಯರ ಬಳಿಗೆ ಹೋಗಿ ಕ್ಷಮೆ ಕೇಳಿದರು. ಹಿರಿಯರು ಏನು ಮಾಡಿದರು ಗೊತ್ತಾ? ಕ್ಷಮೆಯ ಮಾತನ್ನು ಕೇಳಿಸಿಕೊಂಡೆವು ಅಂದರು. ಕ್ಷಮಿಸಿದೆವು ಅನ್ನಲಿಲ್ಲ. ಎರಡು ವರ್ಷ ಬಿಟ್ಟು, ವಿಕ್ಟೋರಿಯಾದ ಅದೇ 1988ರ ಮಹಾಸಭೆಯಲ್ಲಿ, ನಿಮ್ಮ ಮಾತನ್ನು ಗಮನಿಸಿದ್ದೇವೆ, ನಡೆದು ತೋರಿಸಿ ಎನ್ನುವ ಧಾಟಿಯಲ್ಲಿ ಉತ್ತರ ಕೊಟ್ಟರು. ಸಡ್ಬರಿಯಲ್ಲಿ ಆ ದಿನದ ನೆನಪಿಗೆ ಕಲ್ಲುಗಳ ಗುಪ್ಪೆಯೊಂದನ್ನು ಕಟ್ಟಿದರು. ಅದನ್ನು ಬೇಕೆಂದೇ ಅರ್ಧಕ್ಕೆ ಬಿಟ್ಟಿದ್ದಾರೆ. ವಸತಿ ಶಾಲೆಗಳಿಗಾಗಿಯೇ ಪ್ರತ್ಯೇಕವಾಗಿ 1998ರಲ್ಲಿ ಮತ್ತೆ ಕ್ಷಮೆ ಕೇಳಿದರು. ಲಾಂಛನದಲ್ಲಿ ಮೊಹಾಕ್ ಸಾಲು ಸೇರಿದ್ದು ಈ ದಾರಿಯಲ್ಲಿ.

ನೀವು ಹೇಳಿದ್ದು ನಿಜ, ಅಲ್ಲಿನ ಪ್ರಸಂಗದಲ್ಲಿ ನರಕದ ಬೆಂಕಿ ಕಾಣಿಸುವುದು ಅಪರೂಪ. ಕುಡಿತ, ಸಿನಿಮಾ, ಇಸ್ಪೀಟು ಅಂತ ಒಬ್ಬೊಬ್ಬರ ಪಾಪ ಎಣಿಸುವುದೂ ಕಡಿಮೆ. ಆದರೆ 'ನಾವು ಸಭೆಯಾಗಿ ಪಾಪ ಮಾಡಿದೆವು' ಅಂತ ಇಷ್ಟು ಜೋರಾಗಿ, ಇಷ್ಟು ಸಲ ಹೇಳಿದ ಇನ್ನೊಂದು ಸಭೆಯಲ್ಲಿ ನಾನು ಕೂತಿಲ್ಲ. ಬಾಗಿಲ ಬಾವುಟಕ್ಕೂ ಇದಕ್ಕೂ ನಂಟಿದೆ ಅಂತ ನನ್ನ ಲೆಕ್ಕ. ದೇವರ ಹೆಸರಿನಲ್ಲೇ ಇಷ್ಟು ದೊಡ್ಡ ತಪ್ಪು ಮಾಡಬಹುದು ಅಂತ ಒಮ್ಮೆ ಗೊತ್ತಾದವರಿಗೆ, ಇನ್ನೊಬ್ಬರನ್ನು ಬಾಗಿಲಲ್ಲಿ ತಡೆಯುವ ಮೊದಲು ಕೈ ನಡುಗುತ್ತದೆ.

ವಿಶ್ವಾಸಪ್ರಮಾಣದ ವಿಷಯ ಸುಲಭ. ಅಪೊಸ್ತಲರ ವಿಶ್ವಾಸಪ್ರಮಾಣವನ್ನು ಅವರು ಬಿಟ್ಟಿಲ್ಲ, ಆದರೆ ಹೆಚ್ಚಾಗಿ ಹೇಳುವುದು 1968ರಲ್ಲಿ ತಾವೇ ಬರೆದುಕೊಂಡ ಒಂದು ಚಿಕ್ಕ ಪ್ರಮಾಣವನ್ನು. ನಾವು ಒಂಟಿಯಲ್ಲ, ದೇವರ ಲೋಕದಲ್ಲಿ ಬದುಕುತ್ತಿದ್ದೇವೆ ಅಂತ ಅದು ಶುರುವಾಗುತ್ತದೆ. ಶಿಲುಬೆಗೇರಿ ಎದ್ದು ಬಂದ ಯೇಸು ನಮ್ಮ ನ್ಯಾಯಾಧಿಪತಿ, ನಮ್ಮ ನಿರೀಕ್ಷೆ ಅನ್ನುವುದೂ ಅದರಲ್ಲಿದೆ. ಮೊದಲು ಅದರಲ್ಲಿ 'ಮನುಷ್ಯ' ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಗಂಡಸು ಅನ್ನುವ ಪದವೇ ಇತ್ತು. 1980ರಲ್ಲಿ ಅದನ್ನು 'ನಾವು' ಮಾಡಿದರು. 1994ರಲ್ಲಿ ಸೃಷ್ಟಿಯನ್ನು ಗೌರವಿಸಿ ಬಾಳುವ ಮಾತು ಸೇರಿಸಿದರು. ಸಾವಿನ ಮನೆಯಲ್ಲೂ ಅದನ್ನು ಹೇಳುತ್ತಾರೆ. ಮಣ್ಣು ಮಾಡುವಾಗ ಕೇಳಿ ನೋಡಿ, ಆಮೇಲೆ ನಿಮ್ಮ ಅಭಿಪ್ರಾಯ ಹೇಳಿ.

ವಾಟ್ಸಾಪಿನಲ್ಲಿ ಬಂದದ್ದು ಅರ್ಧ ಸತ್ಯ. ಟೊರಾಂಟೊದ ವೆಸ್ಟ್ ಹಿಲ್ ಸಭೆಯ ಗ್ರೆಟ್ಟಾ ವೊಸ್ಪರ್ ಎಂಬ ಪಾಸ್ಟರ್ ತಾನು ನಾಸ್ತಿಕಳು ಎಂದು ಬಹಿರಂಗವಾಗಿ ಹೇಳಿದರು. ಸಭೆಯವರು ಸುಮ್ಮನಿರಲಿಲ್ಲ. 2016ರಲ್ಲಿ ವಿಚಾರಣೆ ನಡೆಸಿದ ಸಮಿತಿ ಆಕೆ ಸೇವೆಗೆ ಯೋಗ್ಯಳಲ್ಲ ಎಂದಿತು. 2018ರಲ್ಲಿ ಇಬ್ಬರೂ ರಾಜಿಗೆ ಬಂದರು, ಆಕೆ ಅಲ್ಲೇ ಉಳಿದರು. ಆ ರಾಜಿ ನನಗೆ ಹಿಡಿಸಲಿಲ್ಲ, ಮರೆಮಾಚುವುದೇಕೆ. ಬಾಗಿಲು ಅಗಲ ಇರಲಿ, ಆದರೆ ಮನೆಗೆ ಯಜಮಾನ ಯಾರು ಅಂತ ಪೀಠದಲ್ಲಿ ನಿಂತವರಾದರೂ ಹೇಳಬೇಕು ಅಲ್ವಾ? ಆದರೆ ಒಬ್ಬ ಪಾಸ್ಟರನ್ನು ನೋಡಿ ಇಡೀ ಸಭೆಯನ್ನು ಅಳೆಯುವುದಾದರೆ ನಮ್ಮ ಕತೆ ಏನಾದೀತು, ಕೋರ್ಟಿನಲ್ಲಿರುವ ನಮ್ಮ ಆಸ್ತಿ ವ್ಯಾಜ್ಯಗಳನ್ನು ನೋಡಿ ಯಾರಾದರೂ ನಮ್ಮನ್ನು ಅಳೆದರೆ?

ಕರ್ತನ ಭೋಜನ ತೆಗೆದುಕೊಳ್ಳಿ, ಅಕ್ಕಾ. ಅಲ್ಲಿ ಯಾರನ್ನೂ ಕೇಳುವುದಿಲ್ಲ, ಬಂದವರಿಗೆಲ್ಲ ಕೊಡುತ್ತಾರೆ. ನಮ್ಮ ಕಡೆಯಿಂದಲೂ ಅಡ್ಡಿಯಿಲ್ಲ. ರೊಟ್ಟಿಯನ್ನು ರಸದಲ್ಲಿ ಅದ್ದಿ ಕೊಡಬಹುದು, ಸಣ್ಣ ಲೋಟದಲ್ಲೂ ಕೊಡಬಹುದು. ಬಟ್ಟಲಲ್ಲಿರುವುದು ಸಾಮಾನ್ಯವಾಗಿ ದ್ರಾಕ್ಷಿ ರಸ, ವೈನ್ ಅಲ್ಲ. ಇದು ಹೊಸಗಾಲದ ಸಡಿಲ ಅಂದುಕೊಳ್ಳಬೇಡಿ, ಕುಡಿತದ ವಿರುದ್ಧ ನಿಂತ ಹಳೆಯ ಮೆಥಡಿಸ್ಟರ ಹಟ ಅದು. ಗೋಧಿ ಆಗದವರಿಗೆ ಬೇರೆ ರೊಟ್ಟಿ ಇಟ್ಟಿರುತ್ತಾರೆ. ಮಕ್ಕಳಿಗೂ ಕೊಡುತ್ತಾರೆ, ಹೌದು. ನಮ್ಮಲ್ಲಿ ಹೆಚ್ಚಿನ ಕಡೆ ದೃಢೀಕರಣ (ಕನ್ಫರ್ಮೇಷನ್) ಆಗುವ ತನಕ ಮಕ್ಕಳು ಬೆಂಚಿನಲ್ಲಿ ಕೂತು ಬಾಯಿ ನೋಡುತ್ತಿರುತ್ತವೆ. ಅವರ ವಾದ ಏನೆಂದರೆ, ಮನೆಯಲ್ಲಿ ಊಟಕ್ಕೆ ಕೂತಾಗ ಅರ್ಥ ಗೊತ್ತಾದ ಮೇಲೆ ಅನ್ನ ಹಾಕುತ್ತೇನೆ ಅಂತ ಮಗುವಿಗೆ ಹೇಳುತ್ತೇವಾ? ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಗಟ್ಟಿ ಉತ್ತರವಿಲ್ಲ.

ಕಾಣಿಕೆ ತಟ್ಟೆ ಬಂದಾಗ ಗಾಬರಿಯಾಗಬೇಡಿ. ಅರ್ಧ ಖಾಲಿ ಇರುತ್ತದೆ. ಜಿಪುಣರು ಅಂದುಕೊಂಡು ನಾನು ಮೊದಲ ವಾರ ಇಪ್ಪತ್ತು ಡಾಲರ್ ಹಾಕಿದ್ದೆ! ಹೆಚ್ಚಿನವರ ಕಾಣಿಕೆ ತಿಂಗಳಿಗೊಮ್ಮೆ ಬ್ಯಾಂಕ್ ಖಾತೆಯಿಂದಲೇ ಹೋಗುತ್ತದೆ ಅಂತ ಆಮೇಲೆ ತಿಳಿಯಿತು.

ಇಷ್ಟು ಹೊಗಳಿದೆ, ಈಗ ಬೇಸರದ ಮಾತು. 'ಎಲ್ಲರಿಗೂ ಸ್ವಾಗತ' ಅಂತ ಬೋರ್ಡು ಹಾಕುವುದು ಸುಲಭ. ನಾನು ಹೋದ ಮೊದಲ ಮೂರು ತಿಂಗಳು ಎಲ್ಲರೂ ನಕ್ಕರು, ಹವಾಮಾನದ ಬಗ್ಗೆ ಮಾತಾಡಿದರು, ಯಾರೂ ಮನೆಗೆ ಕರೆಯಲಿಲ್ಲ. ನನ್ನ ಹೆಸರನ್ನು ಒಬ್ಬರು ವರ್ಷಗಟ್ಟಲೆ ತಪ್ಪಾಗಿಯೇ ಹೇಳಿದರು. ಅಡುಗೆ ಸಮಿತಿಗೆ ತಕ್ಷಣ ಸೇರಿಸಿಕೊಂಡರು, ಹಣಕಾಸು ಸಮಿತಿಗೆ ಬರಲು ನಾಲ್ಕು ವರ್ಷ ಹಿಡಿಯಿತು. ಸ್ವಾಗತ ಎಷ್ಟು ನಿಜ ಅಂತ ತಿಳಿಯಬೇಕಾದರೆ ಬೀಗದ ಕೈ ಯಾರ ಹತ್ತಿರ ಇದೆ ಅಂತ ನೋಡಬೇಕು. ಬೆಂಚುಗಳಲ್ಲಿ ಬಿಳಿ ತಲೆಗಳೇ ಜಾಸ್ತಿ. 1960ರ ದಶಕದ ನಡುವೆ ಹತ್ತು ಲಕ್ಷ ದಾಟಿದ್ದ ಸದಸ್ಯರು ಈಗ ಅದರ ಅರ್ಧಕ್ಕಿಂತ ಕಡಿಮೆ. ಎಷ್ಟೋ ಚರ್ಚು ಕಟ್ಟಡಗಳು ಮಾರಿಹೋಗಿ ಫ್ಲಾಟುಗಳಾಗಿವೆ. 1988ರ ತೀರ್ಮಾನವೇ ಇದಕ್ಕೆ ಕಾರಣ ಅನ್ನುವವರಿದ್ದಾರೆ. ಇಳಿತ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಶುರುವಾಗಿತ್ತು.

ಇನ್ನೊಂದು. ಅಲ್ಲಿನವರಿಗೆ ಯೇಸುಸ್ವಾಮಿಯ ಹೆಸರನ್ನು ಆರಾಧನೆಯ ಹೊರಗೆ ಹೇಳಲು ಸಂಕೋಚ. ನನಗೆ ಆಪರೇಷನ್ ಆದಾಗ ಸರದಿ ಹಾಕಿಕೊಂಡು ಹದಿನೇಳು ದಿನ ಊಟ ತಂದುಕೊಟ್ಟರು, ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ದರು, ಕೈಯಲ್ಲಿ ಹೆಣೆದ ಒಂದು ಶಾಲು ಕೊಟ್ಟರು. ಹೆಣೆಯುವಾಗ ಒಂದೊಂದು ಸಾಲಿಗೂ ಪ್ರಾರ್ಥನೆ ಮಾಡುತ್ತಾರಂತೆ. ಆದರೆ ಮಂಚದ ಪಕ್ಕ ಕೂತು ಬಾಯಿ ಬಿಟ್ಟು ಪ್ರಾರ್ಥನೆ ಮಾಡ್ರಪ್ಪಾ ಅಂದರೆ ಮುಖ ಮುಖ ನೋಡಿದರು. ಕೊನೆಗೆ ನಾನೇ ಕನ್ನಡದಲ್ಲಿ ಕರ್ತನ ಪ್ರಾರ್ಥನೆ ಹೇಳಿದೆ, ಅವರು ತಲೆ ಬಾಗಿಸಿದರು. ನಮ್ಮ ಸ್ತ್ರೀ ಸಂಘದ ಹೆಂಗಸರಾಗಿದ್ದರೆ ನರ್ಸ್ ಬಂದು ಓಡಿಸುವ ತನಕ ಪ್ರಾರ್ಥಿಸುತ್ತಿದ್ದರು. ಊಟ ಮಾತ್ರ ಹದಿನೇಳು ದಿನ ಬರುತ್ತಿತ್ತೋ ಇಲ್ಲವೋ.

ಮಗನಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ಏನೂ ಹೇಳಬೇಡಿ, ಮೊದಲು ಕೇಳಿ. ಪರದೇಶಕ್ಕೆ ಹೋದ ಹುಡುಗರು ಭಾನುವಾರ ಮಲಗಿಯೇ ಕಳೆಯುವ ಕಾಲದಲ್ಲಿ ಅವನು ಹೆಂಡತಿ ಮಗುವನ್ನು ಕರೆದುಕೊಂಡು ಚರ್ಚಿಗೆ ಹೋಗುತ್ತಿದ್ದಾನೆ. ಅಲ್ಲೇ ಯಾಕೆ ನಿಂತ, ಏನು ಹಿಡಿಸಿತು ಅಂತ ಕೇಳಿ. ಬಹುಶಃ ಅವನಿಗೆ ಅಲ್ಲೊಬ್ಬ ಗೆಳೆಯ ಸಿಕ್ಕಿರಬಹುದು. ಆ ಊರಿನವರು ಸೇರಿ ಸಾಕುತ್ತಿರುವ ಒಂದು ನಿರಾಶ್ರಿತ ಕುಟುಂಬಕ್ಕೆ ಇವನು ಶನಿವಾರ ಸಾಮಾನು ತಂದುಕೊಡುತ್ತಿರಬಹುದು. ಅಲ್ಲಿನ ಕಾನೂನಿನಲ್ಲಿ ಜನರೇ ಗುಂಪು ಕಟ್ಟಿಕೊಂಡು ಒಂದು ಕುಟುಂಬದ ಮೊದಲ ವರ್ಷದ ಖರ್ಚು ಹೊತ್ತು ಕರೆಸಿಕೊಳ್ಳಬಹುದು, ಚರ್ಚುಗಳು ಈ ಕೆಲಸದಲ್ಲಿ 1979ರಿಂದಲೂ ಮುಂದೆ ಇವೆ. ನಿಮಗೆ ಒಪ್ಪಿಗೆಯಾಗದ್ದು ಒಪ್ಪಿಗೆಯಾಗದೆಯೇ ಇರಲಿ. ಅಲ್ಲಿ ಅದಕ್ಕೂ ಜಾಗವಿದೆ, ನಾನಿದ್ದ ಸಭೆಯಲ್ಲಿ ಮತ ಹಾಕುವಾಗ ಬೇಡ ಅಂದ ಆರು ಜನರಲ್ಲಿ ನಾಲ್ಕು ಜನ ಮುಂದಿನ ವಾರವೂ ಅದೇ ಬೆಂಚಿನಲ್ಲಿ ಕೂತಿದ್ದರು. ಸಭಾಪಾಲಕಿಯ ಹತ್ತಿರವೇ ನೇರವಾಗಿ ಕೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ, ಕಾಫಿ ಕೊಟ್ಟು ಕೂರಿಸುತ್ತಾರೆ.

ದೀಕ್ಷಾಸ್ನಾನ ಖಾಸಗಿಯಾಗಿ ನಡೆಯುವುದಿಲ್ಲ. ಭಾನುವಾರದ ಆರಾಧನೆಯ ನಡುವೆ, ಎಲ್ಲರ ಮುಂದೆ. ಅಪ್ಪ ಅಮ್ಮ ಮಾತು ಕೊಟ್ಟ ಮೇಲೆ ಇಡೀ ಸಭೆ ಎದ್ದು, ಈ ಮಗುವನ್ನು ನಂಬಿಕೆಯಲ್ಲಿ ಬೆಳೆಸಲು ನಾವೂ ಕೈ ಜೋಡಿಸುತ್ತೇವೆ ಅಂತ ಹೇಳುತ್ತದೆ. ಆಗ ನೀವೂ ಎದ್ದು ನಿಲ್ಲಿ. ಕನ್ನಡದ ಒಂದು ಕೀರ್ತನೆ ಹಾಡಲು ಬಿಡ್ತೀರಾ ಅಂತ ಮೊದಲೇ ಮಗನ ಕೈಲಿ ಕೇಳಿಸಿ, ಖಂಡಿತ ಹೂಂ ಅನ್ನುತ್ತಾರೆ.

ಆಮೇಲೆ ಕೆಳಗಿನ ಹಾಲ್‌ನಲ್ಲಿ ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಕ್ರಮ ಇರಬಹುದು. ನಿಮ್ಮ ಕೈಯ ಚಿತ್ರಾನ್ನ ಮಾಡಿ. ಆದರೆ ಕಡಲೆಕಾಯಿ ಬೀಜ ಹಾಕಬೇಡಿ, ಗೋಡಂಬಿಯೂ ಬೇಡ. ಅಲ್ಲಿ ತುಂಬ ಮಕ್ಕಳಿಗೆ ಅದರ ಅಲರ್ಜಿ, ಉಸಿರೇ ಕಟ್ಟಿಬಿಡುತ್ತದೆ, ಅದಕ್ಕೆ ಎಷ್ಟೋ ಚರ್ಚುಗಳ ಅಡುಗೆಮನೆಗೆ ಬೀಜವನ್ನೇ ಬಿಡುವುದಿಲ್ಲ. ಒಗ್ಗರಣೆಗೆ ಕಡಲೆಬೇಳೆ, ಉದ್ದಿನಬೇಳೆ ಸಾಕು. ಏನೇನು ಹಾಕಿದ್ದೀರಿ ಅಂತ ಸೊಸೆಯ ಕೈಲಿ ಒಂದು ಚೀಟಿ ಬರೆಸಿ ಪಾತ್ರೆಯ ಪಕ್ಕ ಇಡಿ. ಹಸಿಮೆಣಸಿನಕಾಯಿಯನ್ನು ಮಾತ್ರ ಸಣ್ಣಗೆ ಹೆಚ್ಚಬೇಡಿ, ಉದ್ದಕ್ಕೆ ಸೀಳಿ ಹಾಕಿ. ಅವರು ಬೀನ್ಸ್ ಅಂದುಕೊಂಡು ಬಾಯಿಗೆ ಹಾಕಿಕೊಳ್ಳುವ ಮೊದಲು ಎತ್ತಿಡಲು ನಿಮಗೆ ಸುಲಭವಾಗುತ್ತದೆ.